ಏಳನೇ ಸಂಪುಟದ ಎಮ್ಮೆ

ನನಗೆ ಸಿಟ್ಟೇ ಬರುವುದಿಲ್ಲ ಎಂದು ಮೂಡಲಗಿಯ ನಮ್ಮ ಓಣಿಯಲ್ಲಿ ಒಂದು ನಂಬಿಕೆಯಿದೆ. ಇದು ಶುದ್ಧ ಸುಳ್ಳು. ಬರುತ್ತದೆ. ಆದರೆ ನನ್ನ ಸಿಟ್ಟು ಹೊಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಿರುತ್ತಾರೆ. ಅವರಿಗೆ ಹೇಳಬೇಕಾಗಿದ್ದನ್ನೆಲ್ಲ ಆಮೇಲೆ ನಾನು ಆ ಕಪ್ಪಿಗೆ ಹೇಳುತ್ತ ತೊಳೆಯುತ್ತೇನೆ. ನಮ್ಮ ಅತ್ತೆ ತೀರಿಕೊಂಡು ಎರಡು ತಿಂಗಳಾಯಿತು. ಈ ಎರಡು ತಿಂಗಳಲ್ಲಿ ಮನೆಯ ಆರು ಕಪ್ಪುಗಳಲ್ಲಿ ನಾಲ್ಕರ ಹಿಡಿಕೆ ಮುರಿದಿದೆ.

ಯಾರ ಮೇಲೆ ಇಷ್ಟು ಸಿಟ್ಟು ಎಂದು ಕೇಳಬಹುದು. ‘ಇದನ್ನ ನೋಡು, ಭಾಳ ಚಲೋ ಐತಿ’ ಎನ್ನುವವರ ಮೇಲೆ. ಸತ್ತವರ ಮನೆಗೆ ಮಾತಾಡಿಸಲು ಬಂದವರು ಹಿಂದೆಲ್ಲ ಬುತ್ತಿ ತರುತ್ತಿದ್ದರು, ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಈಗ ಧಾರಾವಾಹಿಯ ಹೆಸರು ತರುತ್ತಾರೆ. ನಮ್ಮ ಬಾಜೂ ಮನೆಯ ಕಸ್ತೂರೆಕ್ಕ ಅತ್ತೆ ಹೋದ ಮೂರನೇ ದಿನವೇ ನನ್ನ ಪಕ್ಕದಲ್ಲಿ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಅದೇ ಉಸಿರಿನಲ್ಲಿ, “ನಿಮ್ಮೀ, ಸಂಜಿ ಏಳಕ್ಕ ಒಂದ ಹೊಸಾದು ಬರಾಕತ್ತೈತಿ. ನಕ್ಕ ನಕ್ಕ ಸಾಯ್ಬೇಕ ನೋಡು,” ಎಂದಳು. ಆಮೇಲೆ ತಾನು ಯಾವ ಮನೆಯಲ್ಲಿ ಕೂತಿದ್ದೇನೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಟಿವಿಯ ಮೇಲೆ ನಾನಾಗಲೇ ಅತ್ತೆಯ ಹಳೆಯ ಇಳಕಲ್ ಸೀರೆ ಹೊದಿಸಿದ್ದೆ. ದಿನ, ಅಂದರೆ ತಿಥಿಯ ಕಾರ್ಯ, ಮುಗಿಯುವವರೆಗೆ ಟಿವಿ ಹಚ್ಚಬಾರದೆಂಬುದು ನಮ್ಮ ಕಡೆಯ ಪದ್ಧತಿ. ಆ ಪದ್ಧತಿ ಮಾಡಿದವರು ಯಾರೋ ಬಹಳ ಜಾಣರು. ಬೇರೆ ಎಲ್ಲದರ ಮೇಲೂ ನನಗೆ ಸಿಟ್ಟಿದೆ, ಅವರ ಮೇಲೆ ಮಾತ್ರ ಇಲ್ಲ.

ಕಸ್ತೂರೆಕ್ಕ ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಕಪ್ಪು ಉಳಿಯುತ್ತಿತ್ತು. ಏಳುವಾಗ ದನಿ ತಗ್ಗಿಸಿ, “ಒಂದ್ ಲೆಕ್ಕದಾಗ ನಿಂಗ ಬಿಡುಗಡಿ ಆತಲ್ಲವಾ ತಂಗಿ,” ಎಂದಳು. ಬಂದವರಲ್ಲಿ ಅರ್ಧ ಮಂದಿ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಸತ್ತದ್ದು ಅತ್ತೆ, ಉಳಿದದ್ದು ಸೊಸೆ. ಹಾಗಿದ್ದ ಮೇಲೆ ಒಳಗೊಳಗೆ ಖುಷಿಯಾಗಿರಲೇಬೇಕು ಎಂದು ಎಲ್ಲರೂ ತೀರ್ಮಾನಿಸಿಕೊಂಡು ಬಂದಿದ್ದರು. ಅತ್ತೆ ಸೊಸೆ ಎಂದರೆ ಒಬ್ಬರ ಹಾಲಿಗೆ ಇನ್ನೊಬ್ಬರು ವಿಷ ಹಾಕುತ್ತಿರಬೇಕೆಂದು ಟಿವಿಯೇ ಅವರಿಗೆ ಕಲಿಸಿದೆ. ನಮ್ಮ ಮನೆಯಲ್ಲಿ ಅಂಥ ಧಾರಾವಾಹಿ ನೋಡುತ್ತಿರಲಿಲ್ಲ. ನಾವಿಬ್ಬರೂ ನೋಡುತ್ತಿದ್ದದ್ದು ನಗೆಯವು.

ನಮ್ಮ ಮನೆಯವರು ಹಿಡಕಲ್ ಡ್ಯಾಮಿನ ನೀರಾವರಿ ಕಚೇರಿಯಲ್ಲಿ ಗೇಟುಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದಾರೆ. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ, ಮತ್ತು ಟಿವಿಯೊಳಗಿನ ಮಂದಿ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ನಾನು ಮ್ಯಾಟ್ರಿಕ್‌ವರೆಗೆ ಓದಿದವಳು. ಒಂದು ಧಾರಾವಾಹಿ ಚಲೋ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಅತ್ತೆಯ ಹತ್ತಿರ ಒಂದೇ ಅಳತೆ ಇತ್ತು. ಅಡುಗೆಮನೆಯ ಬಾಗಿಲಿನಿಂದ ಟಿವಿ ಕಾಣುವ ಹಾಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದರೆ ಧಾರಾವಾಹಿ ಚಲೋ. ರೊಟ್ಟಿ ಚಲೋ ಆದರೆ ಚಾನೆಲ್ ಬದಲಿಸಬೇಕು. ಈ ಲೆಕ್ಕದಲ್ಲಿ ಅತ್ಯುತ್ತಮವಾದದ್ದು, ಮೂರು ಸಂಸಾರ ಒಂದೇ ಬಚ್ಚಲನ್ನು ಹಂಚಿಕೊಂಡು ಬದುಕುವ ವಠಾರದ ಕತೆ. ಅದರ ಮಾಲಕ ದಿನಾ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಯಾರು ಎಷ್ಟು ತಂಬಿಗೆ ನೀರು ಹಾಕಿಕೊಂಡರು ಎಂದು ಎಣಿಸುತ್ತಾನೆ. ಅದು ಬರುತ್ತಿದ್ದ ಕಾಲದಲ್ಲಿ ನಾವು ಎರಡು ವರ್ಷ ಕಪ್ಪು ರೊಟ್ಟಿ ತಿಂದೆವು. ಎರಡನೆಯದು, ಊರಿಗೆಲ್ಲ ಮದುವೆ ಕುದುರಿಸಿ ತಾನು ಮಾತ್ರ ಮದುವೆಯಾಗದೆ ಉಳಿದವನ ಕತೆ. ಅದಕ್ಕೆ ರೊಟ್ಟಿ ಅಂಚಿನಲ್ಲಷ್ಟೇ ಸೀಯುತ್ತಿತ್ತು. ಇವೆರಡನ್ನು ನಾನೂ ಧೈರ್ಯವಾಗಿ ಹೇಳುತ್ತೇನೆ, ನೋಡಿ. ಹೇಳಿಕೊಡುವವರನ್ನು ಕಂಡರೆ ಸಿಟ್ಟು ಎಂದವಳೇ ಹೇಳಿಕೊಡುತ್ತಿದ್ದೇನೆ, ಇರಲಿ. ಇಂಥವಳೇ ನಾನು.

ಆ ಧಾರಾವಾಹಿಗಳಲ್ಲಿ ಹಿಂದಿನಿಂದ ಮಂದಿ ನಕ್ಕ ಸದ್ದು ಬರುತ್ತದಲ್ಲ, ಅದರ ಜೊತೆ ಅತ್ತೆಗೆ ಖಾಯಂ ಜಗಳ. ಮೊದಲ ದಿನವೇ ಕೇಳಿದ್ದರು, “ಯಾರ ಇವರು ನಗಾವರು? ಮಾರಿ ತೋರ್ಸವಲ್ಲರು?”

“ಮಷೀನಿನ್ಯಾಗ ತುಂಬಿ ಇಟ್ಟಿರ್ತಾರ್ರಿ ಅತ್ತ್ಯಾರ.”

“ನನ್ನ ಮನ್ಯಾಗ, ನನಗಿಂತ ಮೊದಲ ಅವರು ಯಾಕ ನಗ್ಬೇಕು?”

ಅಂದಿನಿಂದ ಪಂದ್ಯ ಶುರುವಾಯಿತು. ಟಿವಿಯವರು ನಗುವ ಮೊದಲೇ ನಗಬೇಕು. ಅದಕ್ಕಾಗಿ ಅತ್ತೆ ಮಾತು ಮುಗಿಯುವ ಮುನ್ನವೇ ನಗತೊಡಗಿದರು. ಆಮೇಲಾಮೇಲೆ ಯಾರಾದರೂ ಬಾಗಿಲಲ್ಲಿ ಕಂಡರೇ ನಗುತ್ತಿದ್ದರು. ಒಮ್ಮೆ ಸಾಬೂನಿನ ಜಾಹೀರಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅದು ಧಾರಾವಾಹಿಯಲ್ಲ ಎಂದು ನಾನು ಹೇಳಿದಾಗ, “ಇರ್ಲಿ ಬಿಡು, ಮುಂಗಡ ನಕ್ಕೇನಿ,” ಎಂದರು. ಶನಿವಾರ ಬಂದ ನಮ್ಮ ಮನೆಯವರು ಇದನ್ನೆಲ್ಲ ನೋಡಿ, “ಮಂದಿ ಮನ್ಯಾಗ ಅತ್ತಿ ಸೊಸಿ ಜಗಳಾಡೂದು ಕೇಳಸತೈತಿ. ನಮ್ಮ ಮನ್ಯಾಗ ಇದೇನ ನಾಟಕರಿ?” ಎನ್ನುತ್ತಿದ್ದರು.

ಪುಸ್ತಕದ ಹುಚ್ಚು ಹತ್ತಿದ್ದು ಮಳೆಯಿಂದ. ಗೋಕಾಕದ ದವಾಖಾನೆಗೆ ಅತ್ತೆಯನ್ನು ತೋರಿಸಿಕೊಂಡು ಬಂದ ಒಂದು ಮಧ್ಯಾಹ್ನ ಬಸ್ಸಿಳಿದ ಕೂಡಲೇ ಮಳೆ ಹಿಡಿಯಿತು. ಹತ್ತಿರದ ಗ್ರಂಥಾಲಯದೊಳಗೆ ಹೊಕ್ಕೆವು. ಮೇಜಿನ ಮೇಲೆ ದಪ್ಪ ಪುಸ್ತಕವೊಂದು ಬಿದ್ದಿತ್ತು. ರಕ್ಷಾಪುಟದಲ್ಲಿ ಬೂದು ಬಣ್ಣದ, ಎರಡು ಕೊಂಬಿನ, ಎರಡು ರೆಕ್ಕೆಯ ಒಂದು ಪ್ರಾಣಿ. ಅತ್ತೆ ಅದನ್ನು ಎತ್ತಿ ಹಿಡಿದು ನೋಡಿ, “ನಿಮ್ಮೀ, ಇದು ಎಮ್ಮಿ ಹೌದಲ್ಲ? ಇದಕ್ಕ ರೆಕ್ಕಿ ಯಾಕ?” ಎಂದರು. ನಾನು ಮೊದಲ ಪುಟ ಓದಿ ಹೇಳಿದೆ. ಅದು ಎಮ್ಮೆಯಲ್ಲ, ಪರ್ವತದ ಮೇಲಿರುವ ಮಾಯಾಮೃಗ, ಅದರ ಹೆಸರು ಒಂದು ಸಾಲು ಉದ್ದವಿದೆ ಎಂದೆ. ಅತ್ತೆ ಒಪ್ಪಲಿಲ್ಲ. “ಹೆಸರು ಏನರ ಇರ್ಲಿ. ಎಮ್ಮಿ ಅಂತ ಓದು,” ಎಂದರು. ಮಳೆ ನಿಲ್ಲುವಷ್ಟರಲ್ಲಿ ನಾವು ಮೂವತ್ತು ಪುಟ ಮುಗಿಸಿದ್ದೆವು, ಎಮ್ಮೆ ಅಂತಲೇ.

ಒಟ್ಟು ಏಳು ಸಂಪುಟ. ಒಂದು ದೇಶದ ಹೊಳೆಯನ್ನು ಮಾಂತ್ರಿಕನೊಬ್ಬ ಕದ್ದು ನೂಲಿನ ಉಂಡೆಯ ಹಾಗೆ ಸುತ್ತಿಟ್ಟುಕೊಂಡಿದ್ದಾನೆ. ಅಂಬಿಗರ ಹುಡುಗಿಯೊಬ್ಬಳು ಈ ಮೃಗವನ್ನೇರಿ ಹೊಳೆಯನ್ನು ತರಲು ಹೋಗುತ್ತಾಳೆ. ಕಲ್ಪನೆಯ ಕತೆ ಎಂದರೆ ಮಕ್ಕಳಿಗೆ ಎಂದುಕೊಂಡಿದ್ದೆ. ಅತ್ತೆ ಅದನ್ನು ಹೊಲದ ವ್ಯವಹಾರದಷ್ಟು ಗಂಭೀರವಾಗಿ ಕೇಳಿದರು. ಎಮ್ಮೆ ಹಾರುವಾಗ ಮೇವು ಎಲ್ಲಿಂದ? ಕರು ಎಲ್ಲಿ ಬಿಟ್ಟು ಬಂದಿದೆ? ಆ ಹುಡುಗಿ ಮಾಂತ್ರಿಕನ ಕೋಟೆ ಹೊಗುವ ಮುಖ್ಯ ಪ್ರಸಂಗದಲ್ಲಿ ನಾನು ಮೈಮರೆತು ಓದುತ್ತಿದ್ದರೆ, “ಅದಕ್ಕ ಇಷ್ಟೊತ್ತಾತು, ಒಂದು ಬಕೀಟ ನೀರ ಕುಡ್ಸಿಲ್ಲಲ್ಲ ಆ ಹುಡುಗಿ!” ಎಂದು ಕತೆಯನ್ನೇ ನಿಲ್ಲಿಸಿದರು. ನಾನು ಪುಸ್ತಕದಲ್ಲಿಲ್ಲದ ಒಂದು ಬಕೆಟ್ ನೀರು ಕುಡಿಸಿದ ಮೇಲೆಯೇ ಹುಡುಗಿ ಕೋಟೆಯೊಳಗೆ ಕಾಲಿಟ್ಟದ್ದು. ಈಗ ಯೋಚಿಸಿದರೆ, ನನ್ನ ಕಳ್ಳತನ ಶುರುವಾದದ್ದು ಆ ಬಕೆಟ್ಟಿನಿಂದಲೇ.

ಅತ್ತೆಯ ತವರು ಮಸಗುಪ್ಪಿ. ಅವರು ಚಿಕ್ಕವರಿದ್ದಾಗ ಒಂದು ಮಳೆಗಾಲ ಘಟಪ್ರಭೆ ಊರೊಳಗೆ ಬಂದಿತ್ತಂತೆ. ಕಟ್ಟಿದ್ದ ಮನೆಯ ಎಮ್ಮೆಯ ಹಗ್ಗ ಬಿಚ್ಚಲು ಇವರೇ ಹೋಗಿದ್ದರು. ಗಂಟು ನೀರು ಕುಡಿದು ಬಿಗಿದುಕೊಂಡಿತ್ತು. ಅಪ್ಪ ಬಂದು ಮಗಳನ್ನು ಎತ್ತಿಕೊಂಡು ಮಾಳಿಗೆ ಹತ್ತಿದರು, ಎಮ್ಮೆ ಗೂಟದ ಸಮೇತ ಹೋಯಿತು. ಇದನ್ನು ಅತ್ತೆ ನನಗೆ ಹೇಳಿದ್ದು ಆರನೇ ಸಂಪುಟ ಮುಗಿದ ದಿನ. ಆ ಸಂಪುಟದ ಕೊನೆಯ ಪುಟದಲ್ಲಿ ಮಾಂತ್ರಿಕ ಹೊಳೆಯ ಉಂಡೆಯನ್ನು ಬಿಚ್ಚಿಬಿಡುತ್ತಾನೆ, ಮೃಗ ಪ್ರವಾಹದೊಳಗೆ ಬೀಳುತ್ತದೆ, ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದಾನೆ ಬರೆದವನು. ಇಂಥ ಕಡೆ ನಿಲ್ಲಿಸುವವರಿಗೆ ಮನೆಯಲ್ಲಿ ವಯಸ್ಸಾದವರು ಇರುವುದಿಲ್ಲವೇ? ಮುಂದಿನ ಸಂಪುಟ ಬರುವವರೆಗೆ ಎಲ್ಲರೂ ಬದುಕಿರುತ್ತಾರೆಂದು ಇವರಿಗೆ ಯಾರು ಬರೆದುಕೊಟ್ಟಿದ್ದಾರೆ?

“ಏಳನೇದು ತಗೊಂಬಾ,” ಎಂದರು ಅತ್ತೆ. “ಎಮ್ಮಿ ಏನಾತು ನೋಡೂಣು.”

ಏಳನೆಯದು ಇರಲಿಲ್ಲ. ಮೂಡಲಗಿಯಲ್ಲಿ ಮಾಸ್ತರರಾಗಿದ್ದವರೊಬ್ಬರು ಅದನ್ನು ಒಯ್ದು, ನಿವೃತ್ತರಾಗಿ ತಮ್ಮೂರು ಹುಕ್ಕೇರಿಗೆ ಹೋಗುವಾಗ ಪುಸ್ತಕವನ್ನೂ ಕರೆದುಕೊಂಡು ಹೋಗಿದ್ದರು. ಹನ್ನೊಂದು ತಿಂಗಳಾಗಿತ್ತು. ಗ್ರಂಥಪಾಲಕರು ಪಾಪದ ಮನುಷ್ಯ, “ಮೂರ ಸಲ ಪತ್ರ ಹಾಕೇನ್ರಿ ಅಕ್ಕಾರ. ಓದೂ ಮಂದಿ, ಜಬರ್ದಸ್ತಿ ಹೆಂಗ ಮಾಡೂದ್ರಿ?” ಎಂದರು. ಅದೇ ವಾರ ಗೋಕಾಕದ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ, ತಿನ್ನಬೇಕೆಂದದ್ದು ಕೊಡಿ ಎಂದರು. ಅತ್ತೆ ತಿನ್ನಲು ಏನನ್ನೂ ಕೇಳಲಿಲ್ಲ. ಏಳನೇ ಸಂಪುಟ ಕೇಳಿದರು.

ಹುಕ್ಕೇರಿ ಹಿಡಕಲ್‌ಗೆ ಹತ್ತಿರ. ನಮ್ಮ ಮನೆಯವರನ್ನು ಕಳಿಸಿದೆ. ಮಾಸ್ತರರು ಇವರನ್ನು ಕೂರಿಸಿ, ಅವಲಕ್ಕಿ ತಿನ್ನಿಸಿ, ಒಂದೂವರೆ ತಾಸು ಪುಸ್ತಕದ ಗುಣಗಾನ ಮಾಡಿ, “ಏಳನೇದು ನಾ ಇನ್ನೊಮ್ಮೆ ಓದಾಕತ್ತೇನ್ರಿ. ಅಲ್ಲಿತನಕಾ ಇದನ್ನ ಓದ್ರಿ, ಇದೂ ಭಾಳ ಚಲೋ ಐತಿ,” ಎಂದು ಬೇರೆ ಯಾವುದೋ ಕತೆಮಾಲೆಯ ಮೊದಲ ಸಂಪುಟವನ್ನು ಕೈಗಿಟ್ಟು ಕಳಿಸಿದರು. ನಮ್ಮ ಮನೆಯವರು ಡ್ಯಾಮಿನ ನೀರನ್ನಾದರೂ ತಡೆದಾರು, ಎದುರಿಗೆ ಅವಲಕ್ಕಿ ಇಟ್ಟವರಿಗೆ ಇಲ್ಲ ಎನ್ನಲಾರರು. ನಾನೇ ಫೋನ್ ಮಾಡಿದೆ. ಏನೇನು ಹೇಳಬೇಕೆಂದು ಮೊದಲೇ ಕಪ್ಪಿನ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. ಮಾಸ್ತರರು ಬಹಳ ಮೆತ್ತಗಿನ ದನಿಯಲ್ಲಿ, “ಚಲೋ ಪುಸ್ತಕಕ್ಕ ಅವಸರ ಮಾಡಬಾರದವ್ವಾ,” ಎಂದರು.

ನಾನು, “ಆತ್ರಿ ಸರ್,” ಎಂದೆ.

ಇಷ್ಟೇ ನಾನು ಹೇಳಿದ್ದು. ನಮ್ಮ ಅತ್ತೆ ಸಾಯುತ್ತಿದ್ದಾರೆ, ಅವರ ಎಮ್ಮೆ ನೀರಿನಲ್ಲಿದೆ, ಪುಸ್ತಕ ಕೊಡಿ ಎನ್ನಲಿಲ್ಲ. ಈ ಎರಡು ತಿಂಗಳಲ್ಲಿ ನಾನು ಬೈದವರ ಪಟ್ಟಿಯಲ್ಲಿ ಮಾಸ್ತರರು ಎರಡನೆಯವರು. ಆ “ಆತ್ರಿ ಸರ್” ಎಂದವಳು ಮೊದಲನೆಯವಳು.

ಫೋನ್ ಇಟ್ಟು ಒಳಗೆ ಹೋದರೆ ಅತ್ತೆ, “ಬಂತೇನು?” ಎಂದರು. ನಾನು, “ಬಂದೈತ್ರಿ,” ಎಂದೆ. ಮಾಸ್ತರರು ಕಳಿಸಿದ್ದ ಆ ಬೇರೆ ಪುಸ್ತಕವನ್ನೇ ತೆರೆದು ಹಿಡಿದು, ಅದರೊಳಗೆ ನೋಡುತ್ತ, ಏಳನೇ ಸಂಪುಟವನ್ನು ಓದತೊಡಗಿದೆ.

ಮ್ಯಾಟ್ರಿಕ್ ಓದಿದವಳಿಗೆ ಮಹಾಕತೆ ಕಟ್ಟಲು ಎಲ್ಲಿಂದ ಬರಬೇಕು? ಮೊದಲ ಎರಡು ದಿನ ಎಮ್ಮೆಯನ್ನು ಈಜಾಡಿಸಿದೆ. ಮೂರನೇ ದಿನ ಸರಕು ಮುಗಿಯಿತು. ಕೈಗೆ ಸಿಕ್ಕದ್ದನ್ನು ಹಾಕತೊಡಗಿದೆ. ಎಮ್ಮೆ ಒಂದು ನಡುಗಡ್ಡೆಗೆ ಹತ್ತಿತು. ಅಲ್ಲಿ ಮೂರು ರಾಜರಿದ್ದರು, ಮೂವರಿಗೂ ಸೇರಿ ಒಂದೇ ಬಚ್ಚಲು. ಬಾಗಿಲಲ್ಲಿ ಒಬ್ಬ ರಾಕ್ಷಸ ಕುರ್ಚಿ ಹಾಕಿಕೊಂಡು ತಂಬಿಗೆ ಎಣಿಸುತ್ತಿದ್ದ. ಅತ್ತೆ ಕಣ್ಣು ಮುಚ್ಚಿಕೊಂಡೇ, “ಇಂವ ನಮ್ಮ ಟಿವಿ ಮಾಲಕನಂಗ ಅದಾನಲ್ಲ!” ಎಂದರು. ನಾನು ಪುಸ್ತಕವನ್ನು ಮುಖದ ಹತ್ತಿರಕ್ಕೆ ತಂದುಕೊಂಡೆ. “ರಾಕ್ಷಸರು ಎಲ್ಲಾ ಕಡೆ ಒಂದಽ ನಮೂನಿ ಇರ್ತಾರ್ರಿ,” ಎಂದೆ. ಮುಂದೆ ಮಾಂತ್ರಿಕನಿಗೆ ಹೆಣ್ಣು ಹುಡುಕಲು ಮದುವೆ ಕುದುರಿಸುವವನೂ ಬಂದ. ಅತ್ತೆ ನಕ್ಕರು. ಸದ್ದು ಬರಲಿಲ್ಲ, ಹೊದಿಕೆ ಮಾತ್ರ ಅಲುಗಿತು. “ಬರದಾವ್ಗ ಏಳನೇದ್ರಾಗ ಶಾಣ್ಯಾತನ ಬಂದೈತಿ ನೋಡು,” ಎಂದರು.

ದಿನಾ ಮಧ್ಯಾಹ್ನ ಹೀಗೆ ಓದಿದೆ. ಹತ್ತನೆಯದೋ ಹನ್ನೊಂದನೆಯದೋ ದಿನ ನಾನು ಮಾತು ಜೋಡಿಸಿಕೊಳ್ಳಲು ತಡವರಿಸುತ್ತ ಕೂತಿದ್ದಾಗ ಅತ್ತೆ ನನ್ನ ಕೈ ಮುಟ್ಟಿದರು. “ನಿಮ್ಮೀ, ಹಾಳಿ ತಿರುವು. ಎರಡ ದಿನ ಆತು, ಒಂದಽ ಹಾಳಿ ಮ್ಯಾಲ ಅದಿ.”

ನಾನು ಹಾಳೆ ತಿರುವಿದೆ. ಅತ್ತೆ ಮತ್ತೆ ಕಣ್ಣು ಮುಚ್ಚಿದರು. “ಹೂಂ, ಮುಂದ?” ಎಂದರು.

ಎಮ್ಮೆಯನ್ನು ನಾನು ಮಸಗುಪ್ಪಿಯ ದಂಡೆಗೆ ಹತ್ತಿಸಿದೆ. ಬೇರೆ ಯಾವ ಊರಿನ ದಂಡೆಯೂ ನನಗೆ ಹೊಳೆಯಲಿಲ್ಲ. ಕೊರಳಲ್ಲಿ ಹಗ್ಗವಿತ್ತು, ಗೂಟವೂ ಇತ್ತು, ಗಂಟು ತಾನೇ ಸಡಿಲಾಗಿತ್ತು ಎಂದೆ. ಪುಸ್ತಕದಲ್ಲಿ ಹಗ್ಗವೂ ಇರಲಿಲ್ಲ, ಗೂಟವೂ ಇರಲಿಲ್ಲ. ಅತ್ತೆ ಯಾವುದನ್ನೂ ಕೇಳಲಿಲ್ಲ, ಒಂದು ಬಕೆಟ್ ನೀರಿನ ವಿಚಾರವನ್ನೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಹೋದರು.

ದಿನದ ಕಾರ್ಯಕ್ಕೆ ಬಂದವರು ಊಟ ಮುಗಿಸಿ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಆಗ ಬಿಳಿ ಅಂಗಿಯ ಒಬ್ಬ ಹಿರಿಯರು ಕೈಯಲ್ಲೊಂದು ಕಾಗದದ ಪೊಟ್ಟಣ ಹಿಡಿದು ಒಳಗೆ ಬಂದರು. ಹುಕ್ಕೇರಿ ಮಾಸ್ತರರು. ಸುದ್ದಿ ತಿಳಿದು ಎರಡು ಬಸ್ಸು ಬದಲಿಸಿ ಬಂದಿದ್ದರು. ನನ್ನೆದುರು ಕೂತು, ಪೊಟ್ಟಣ ಬಿಚ್ಚಿ, ಏಳನೇ ಸಂಪುಟವನ್ನು ನನ್ನ ಮುಂದಿಟ್ಟರು. “ತಡ ಆತವ್ವಾ. ನಿಮ್ಮ ಯಜಮಾನ್ರು ಹೇಳಿರಲಿಲ್ಲ, ನಂಗ ಗೊತ್ತಿರಲಿಲ್ಲ,” ಎಂದರು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಪುಸ್ತಕದ ಹುಚ್ಚಿನವರಿಗೆ ಅದು ಸಾಧ್ಯವಿಲ್ಲ. ನನ್ನನ್ನು ಸಮಾಧಾನ ಮಾಡಲು, “ನೀವು ಓದ್ರಿ, ಮನಸ್ಸ ಹಗರ ಆಕ್ಕೈತಿ. ಕಡೀಕ ಆ ಪ್ರಾಣಿ ಸಾಯತೈತಿ ಖರೆ, ಆದ್ರ ಎಷ್ಟ ಚಂದ ಸಾಯತೈತಿ ಅಂತೀರಿ!” ಎಂದರು.

ಈ ಸಲ ಸಿಟ್ಟು ಬಾಯಿಗೆ ಬರಲು ಚೂರೂ ತಡವಾಗಲಿಲ್ಲ.

“ನಮ್ಮ ಎಮ್ಮಿ ಸತ್ತಿಲ್ರೀ!” ಎಂದು ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಎಲೆ ಮಡಚುತ್ತಿದ್ದ ಕೈಗಳೆಲ್ಲ ನಿಂತವು. ಕಸ್ತೂರೆಕ್ಕ ಪಕ್ಕದವಳಿಗೆ, “ಇವರ ಮನ್ಯಾಗ ಎಮ್ಮಿ ಯಾವಾಗಿತ್ತ?” ಎಂದದ್ದು ಎಲ್ಲರಿಗೂ ಕೇಳಿಸಿತು. ನಮ್ಮ ಮನೆಯವರು ಒಂದು ತಂಬಿಗೆ ನೀರು ಹಿಡಿದು ಓಡಿ ಬಂದರು. ಅದನ್ನು ನನಗೆ ಕೊಡಬೇಕೋ ಮಾಸ್ತರರಿಗೋ ತಿಳಿಯದೆ ತಾವೇ ಕುಡಿದರು. ಸಂಜೆಯೊಳಗೆ ಓಣಿಯಲ್ಲಿ, ನಿಮ್ಮಿಯ ತಲೆ ಕೆಟ್ಟಿದೆ ಎಂಬ ಸುದ್ದಿ ಹಬ್ಬಿತ್ತು. ಅತ್ತೆ ಸತ್ತರೆ ಸೊಸೆ ಅಳುವುದನ್ನು ನಂಬದವರು, ಇದನ್ನು ಕೂಡಲೇ ನಂಬಿದರು.

ಮಾಸ್ತರರೊಬ್ಬರೇ ಗಾಬರಿಯಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಮುಂದಕ್ಕೆ ಬಾಗಿ, ಓದುವವರಷ್ಟೇ ಕೇಳಬಲ್ಲ ದನಿಯಲ್ಲಿ, “ಹಂಗಾರ ಏನಾತವ್ವಾ ಅದಕ್ಕ?” ಎಂದು ಕೇಳಿದರು.

“ಮಸಗುಪ್ಪಿ ದಂಡಿಗೆ ಹತ್ತೇತ್ರಿ,” ಎಂದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ಹಂಗಽ ಆಗ್ಬೇಕಿತ್ತು,” ಎಂದು ಎದ್ದು, ಕೈ ಮುಗಿದು ಹೋದರು. ಇದರಿಂದಲೂ ನನಗೆ ಸಿಟ್ಟೇ ಬಂತು. ನೆಮ್ಮದಿಯಿಂದ ಬೈದುಕೊಂಡಿರಲು ಇದ್ದ ಒಬ್ಬ ಮನುಷ್ಯನನ್ನೂ ಅವರು ಕಿತ್ತುಕೊಂಡು ಹೋದ ಹಾಗಾಯಿತು.

ದಿನ ಮುಗಿದ ಮೇಲೆ ಸೀರೆ ಸರಿಸಿ ಟಿವಿ ಹಚ್ಚಿದೆ. ವಠಾರದ ಕತೆ ಮರುಪ್ರಸಾರವಾಗುತ್ತಿತ್ತು. ಮಾಲಕ ಬಾಗಿಲಲ್ಲಿ ಬಂದ. ನಾನು ನಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಷೀನಿನ ಮಂದಿ ನಕ್ಕುಬಿಟ್ಟರು. ಅವರಿಗೆ ಈಗ ಎದುರಾಳಿಯೇ ಇಲ್ಲ. ರೊಟ್ಟಿ ಒಂದೂ ಸೀಯಲಿಲ್ಲ. ಬೆಳ್ಳಗಿನ, ದುಂಡನೆಯ ರೊಟ್ಟಿಗಳನ್ನು ಮುಂದಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಏಳನೇ ಸಂಪುಟ ನನ್ನ ಹತ್ತಿರವೇ ಇದೆ. ಮಾಸ್ತರರು ಕೊಟ್ಟದ್ದನ್ನು ನಾನು ಗ್ರಂಥಾಲಯಕ್ಕೆ ಮುಟ್ಟಿಸಬೇಕಿತ್ತು. ಅಕ್ಕಿಯ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಓದಿಲ್ಲ, ಓದುವುದೂ ಇಲ್ಲ. ಅದು ಹೊರಗೆ ಹೋದರೆ ಯಾರಾದರೊಬ್ಬರು ಕೊನೆಯ ಪುಟದವರೆಗೆ ಓದುತ್ತಾರೆ, ಎಮ್ಮೆ ಮತ್ತೆ ಸಾಯುತ್ತದೆ. ಗ್ರಂಥಪಾಲಕರು ಎರಡು ಸಲ ಹೇಳಿ ಕಳಿಸಿದರು. ಓದುವ ಮಂದಿ ಎಂದು ಅವರು ನನಗೂ ಜಬರ್ದಸ್ತಿ ಮಾಡಲಿಲ್ಲ.

ಮೊನ್ನೆ ಮಧ್ಯಾಹ್ನ ಒಂದು ಫೋನ್ ಬಂತು. ತುಕ್ಕಾನಟ್ಟಿಯ ಯಾರೋ ಹೆಣ್ಣುಮಗಳು. ಬಹಳ ಸಂಕೋಚದ ದನಿ. “ಅಕ್ಕಾರ, ಏಳನೇದು ನಿಮ್ಮ ಕಡೆ ಐತಂತ್ರಿ. ಆರನೇದು ಮುಗದೈತ್ರಿ. ಯಾವಾಗ ಕೊಡ್ತೀರಿ ಅಂತ ಕೇಳೂಣು ಅಂತ ಮಾಡಿದ್ನಿರಿ,” ಎಂದಳು. ನಾನು ಏನು ಹೇಳಬೇಕೆಂದು ಯೋಚಿಸಲಿಲ್ಲ. ಯೋಚಿಸುವ ಮೊದಲೇ ನನ್ನ ಬಾಯಿ, ಬಹಳ ಮೆತ್ತಗಿನ ದನಿಯಲ್ಲಿ, “ಚಲೋ ಪುಸ್ತಕಕ್ಕ ಅವಸರ ಮಾಡಬಾರದವ್ವಾ,” ಎಂದಿತು.

ಆಕೆ, “ಆತ್ರಿ ಅಕ್ಕಾರ,” ಎಂದಳು.

ಯಾರಿಗೆ ಓದಿ ಹೇಳುತ್ತಿದ್ದೀ ಎಂದು ನಾನು ಕೇಳಲಿಲ್ಲ. ಮಾಸ್ತರರೂ ಕೇಳಿರಲಿಲ್ಲ. ಫೋನ್ ಇಟ್ಟವಳೇ ಹೋಗಿ, ಉಳಿದ ಎರಡು ಕಪ್ಪುಗಳಲ್ಲಿ ಒಂದನ್ನು ತೊಳೆಯಲು ತೆಗೆದುಕೊಂಡೆ.